ಹೊಗೆಗೆ ಎಚ್ಚೆತ್ತ ಬೀಜ

ನನ್ನ ತಮ್ಮ ತೀರಿಕೊಂಡ ಸುದ್ದಿ ಆಸ್ಪತ್ರೆಯಿಂದ ಬಂದಾಗ ಅವನ ಹೆಂಡತಿ ಪ್ರಯೋಗಾಲಯದಲ್ಲಿ ಬೀಜದ ತಟ್ಟೆಗಳಿಗೆ ನೀರು ಚಿಮುಕಿಸುತ್ತಿದ್ದಳು. ಫೋನು ಕೆಳಗಿಟ್ಟಳು. ಉಳಿದಿದ್ದ ತಟ್ಟೆಗೂ ನೀರು ಹಾಕಿದಳು. ಆಮೇಲೆ ಗೋಡೆಗೆ ಒರಗಿ ಅತ್ತಳು.

ಈಗಲೂ ನಸುಕಿನಲ್ಲಿ ಆ ಕೋಣೆಯ ಬೀಗ ತೆಗೆಯುವವಳು ಅವಳೇ. ಸಂಸ್ಥೆಯ ಕಾವಲುಗಾರನಿಗೆ ಅವಳು ಬರೀ 'ಹುಲ್ಲಮ್ಮ'. ಕಾಡ್ಗಿಚ್ಚು ಹಾದುಹೋದ ಗುಡ್ಡದಲ್ಲಿ ಮೊದಲು ತಲೆಯೆತ್ತುವ ಹುಲ್ಲೊಂದಿದೆ. ಅದರ ಬೀಜವನ್ನು ಎಬ್ಬಿಸುವುದು ಬೆಂಕಿಯ ಕಾವು ಎಂದು ಗಂಡ ಹೆಂಡತಿ ಹಿಂದೆ ಸಾಧಿಸಿದ್ದರು. ಅದು ಪಾಠಪುಸ್ತಕಕ್ಕೂ ಹೋಗಿತ್ತು. ಬೇರೆ ಊರಿನ ಎಳೆಯ ವಿಜ್ಞಾನಿಯೊಬ್ಬಳು ಈಚೆಗೆ, ಕಾವಲ್ಲ, ಹೊಗೆ ಎಂದಳು.

"ನಮ್ಮ ಹತ್ರ ಆಗ ವಿದ್ಯುತ್ ಒಲೆ ಎಲ್ಲಿತ್ತು ಭಾವ? ಹಿತ್ತಿಲಲ್ಲಿ ಸೌದೆ ಉರಿಸಿ ಬಾಣಲೇಲಿ ಬೀಜ ಬಿಸಿ ಮಾಡ್ತಿದ್ವಿ. ಕಣ್ಣಲ್ಲಿ ನೀರು ಬರೋಷ್ಟು ಹೊಗೆ. ಕಣ್ಣು ಒರೆಸ್ಕೊಂಡ್ವಿ, ಹೊಗೇನ ಲೆಕ್ಕಕ್ಕೇ ತಗೊಳ್ಲಿಲ್ಲ!" ಎಂದು ಅವಳು ನನಗೆ ವಿವರಿಸಿದ್ದಳು.

ಹಾಸಿಗೆ ಹಿಡಿದಿದ್ದ ತಮ್ಮನಿಗೆ ಅವಳು ಇದನ್ನು ತಿಳಿಸಿದಾಗ ನಾನೂ ಅಲ್ಲಿದ್ದೆ. ಅವನು ಕೆಮ್ಮು ಬರುವವರೆಗೆ ನಕ್ಕ. "ಎಂಥ ಪೆದ್ದರು ಕಣೇ ನಾವು! ಆ ಹುಡುಗಿ ಸರಿ ಇರ್ಬೇಕು. ಆದ್ರೂ ಸುಮ್ನೆ ಒಪ್ಪಬೇಡ, ಮಾಡಿ ನೋಡು. ನಿಜ ಆದ್ರೆ ಎಲ್ಲರೆದುರು ಹೇಳು."

ಅವನು ಹೋದ ದಿನ ಅವಳು ನೀರು ಹಾಕುತ್ತಿದ್ದುದು ಈ ಪರೀಕ್ಷೆಯ ತಟ್ಟೆಗಳಿಗೇ.

ನಾಳೆ ಸಂಸ್ಥೆಯಲ್ಲಿ ಅವನ ನೆನಪಿನ ಸಭೆ. "ತಪ್ಪೇ ಆಗಿದ್ರೂ ಮುಂದಿನ ವರ್ಷ ಹೇಳಿದ್ರಾಯ್ತಲ್ಲಮ್ಮ. ಹೋದವರ ಹೆಸರಿಗೆ ಮಸಿ ಯಾಕೆ?" ಎಂದು ನಿರ್ದೇಶಕರು ಕೇಳಿದ್ದಾರೆ.

"ಮಸಿ ಅಲ್ಲ ಸರ್, ಬರೀ ಹೊಗೆ. ನಿಜ ಆದ್ರೆ ಸಭೇಲೇ ಹೇಳ್ತೀನಿ," ಎಂದು ಇವಳು ಎದ್ದು ಬಂದಿದ್ದಾಳೆ.

ಇಂದು ಬೆಳಕು ಹರಿಯುವಾಗ ಇಬ್ಬರೂ ತಟ್ಟೆಗಳ ಮೇಲೆ ಬಾಗಿದ್ದೇವೆ. ವಿದ್ಯುತ್ ಒಲೆಯ ಕಾವು ಮಾತ್ರ ಕಂಡ ಬೀಜಗಳು ಇನ್ನೂ ಗೊರಕೆ ಹೊಡೆಯುತ್ತಿವೆ. ತಣ್ಣಗಿನ ಹೊಗೆ ಕುಡಿದ ಬೀಜಗಳ ತಟ್ಟೆಯ ತುಂಬ ಹಸಿರು ಸೂಜಿಮೊನೆಗಳು. ಅವಳು ಆ ಎಳೆಯ ವಿಜ್ಞಾನಿಗೆ ಫೋನು ಮಾಡುತ್ತಾಳೆ.

"ಏನಮ್ಮಾ, ಎದ್ದಿದ್ದೀಯಾ? ನಿನ್ನ ಹೊಗೆ ಗೆದ್ದಿತು. ನಾಳೆ ಬಂದು ಮುಂದಿನ ಸಾಲಲ್ಲೇ ಕೂತ್ಕೋಬೇಕು. ಅಯ್ಯೋ, ನೀನ್ಯಾಕೆ ಅಳ್ತೀಯಾ? ಸೋತವಳು ನಾನು!"

ಫೋನಿಟ್ಟು ನನ್ನತ್ತ ತಿರುಗುತ್ತಾಳೆ. "ಅವರಿದ್ದಿದ್ರೆ ಈ ತಟ್ಟೆ ಹಿಡ್ಕೊಂಡು ಊರಿಗೆಲ್ಲ ತೋರಿಸ್ಕೊಂಡು ಬರ್ತಿದ್ರು, ಅಲ್ವಾ ಭಾವ?"

ಖಂಡಿತ ಬರುತ್ತಿದ್ದ. ದೇವರೇ, ತನ್ನ ತಪ್ಪಿಗೆ ತಾನೇ ನಕ್ಕ ನನ್ನ ತಮ್ಮನನ್ನು ನಿನ್ನ ಬಳಿ ನೆಮ್ಮದಿಯಾಗಿ ಇರಿಸಿಕೋ. ಅಲ್ಲಿಯೂ ಅವನು ಪ್ರಶ್ನೆ ಕೇಳುತ್ತಾನೆ, ಬೇಸರಪಡಬೇಡ.