ಆ ವರ್ಷದ ವ್ರತದ ಕಥೆ

ನನ್ನ ಮಗು ತೀರಿಕೊಂಡ ವರ್ಷವೂ ಶ್ರಾವಣದ ವ್ರತ ಬಂತು. ಯಲಹಂಕದ ನಮ್ಮ ಮನೆಯಲ್ಲಿ ವ್ರತದ ಕಥೆ ಹೇಳುವುದು ಸೊಸೆಯ ಕೆಲಸ. ಮುಗಿಯುವವರೆಗೆ ಎಲ್ಲರೂ ಅಕ್ಷತೆ ಹಿಡಿದು ಕೂತಿರಬೇಕು. ಕಥೆಯ ಕೊನೆಯಲ್ಲಿ ಸತ್ತ ಮಗುವಿಗೆ ದೇವಿ ಜೀವ ಕೊಡುತ್ತಾಳೆ. ಅದನ್ನು ಹೇಗೆ ಹೇಳಲಿ ಎಂಬುದೊಂದೇ ಯೋಚನೆ. ಅಳು ಬರುವುದು ಎಂದೋ ನಿಂತಿತ್ತು.

ಮೈದುನ ಕನ್ನಡ ಎಂ.ಎ. ಓದುತ್ತಿದ್ದ. ವ್ರತದ ಹಿಂದಿನ ದಿನ ಹುರುಳಿಕಾಯಿ ಸೋಸುತ್ತಾ ಕೇಳಿದೆ: "ನಿಮ್ಮ ಹೊಸ ಕಾದಂಬರಿಗಳಲ್ಲಿ ಇಂಥ ಕಥೆ ಬರಲ್ವೇನಪ್ಪಾ?"

"ಬರ್ತವೆ ಅತ್ತಿಗೆ. ಎಲ್ಲಾ ಪುರಾಣದ ಅಚ್ಚೇ ಅಂತಾರೆ ನಮ್ಮ ಮೇಷ್ಟ್ರು. ಅದೇ ತಾಯಿ, ಅದೇ ಮಗು. ಆದ್ರೆ ಈಗ ಬರೆಯೋರು ಮಗೂನ ವಾಪಸ್ ಕೊಡಲ್ಲ."

"ಆಮೇಲೆ ಅವಳೇನ್ ಮಾಡ್ತಾಳೆ?"

"ಏನಿಲ್ಲ, ಬೆಳಗ್ಗೆ ಎದ್ದು ನೀರು ಸೇದ್ತಾಳೆ."

ಮರುದಿನ ಕಥೆಯಲ್ಲಿ ದೇವಿ ಬರಬೇಕಾದಲ್ಲಿ, "ತಾಯಿ ಬೆಳಗ್ಗೆ ಎದ್ದು ನೀರು ಸೇದಿದಳು" ಎಂದು ನಿಲ್ಲಿಸಿಬಿಟ್ಟೆ. ತಪ್ಪೇ ಅದು.

"ಅಯ್ಯೋ, ಮಗು ಏಳ್ಲೇ ಇಲ್ವಲ್ರೀ!" ಎಂದರು ಪಕ್ಕದ ಮನೆಯವರು.

"ಕಥೆ ಮುಗೀತು ಕಣ್ರೀ, ಅಕ್ಷತೆ ಹಾಕಿ" ಎಂದು ಅತ್ತೆ ತಾವೇ ಮೊದಲು ಹಾಕಿದರು.

ತಪ್ಪಾದರೂ ದೇವಿ ವ್ರತ ನಡೆಸಿಕೊಟ್ಟಳು. ನನ್ನ ಅಕ್ಷತೆ ಬೆವರಿಗೆ ಅಂಗೈಗೆ ಅಂಟಿತ್ತು, ಬಿಡಿಸಿ ಹಾಕಿದೆ.