ಅಸಿರು ಗೆರೆ ಕಲ್ಲಿನ ಕದಿರಮ್ಮ

ಬೆಳಗಿನ ಐದೂವರೆ. ಕ್ಯಾಸಂಬಳ್ಳಿ ಸಮೀಪದ ಜಲ್ಲಿ ಕ್ರಷರ್ ಇನ್ನೂ ಶುರುವಾಗಿಲ್ಲ. ಹಿಂದಿನ ಸಂಜೆ ಟಿಪ್ಪರ್ ಸುರಿದು ಹೋದ ರಾಶಿಯ ಮೇಲೆ ಕದಿರಮ್ಮ ಕುಕ್ಕರಗಾಲಲ್ಲಿ ಕೂತಿದ್ದಾರೆ. ಒಂದು ಕಲ್ಲೆತ್ತಿ, ಬಾಟಲಿಯ ನೀರು ಚಿಮುಕಿಸಿ, ಸೆರಗಿನಲ್ಲಿ ಒರೆಸಿ ಬೆಳಕಿಗೆ ಹಿಡಿಯುತ್ತಾರೆ. "ಒಣಗಿದ್ರೆ ಎಲ್ಲಾ ಕಲ್ಲೂ ಒಂದೇ ಕಣಪ್ಪಾ. ನೀರು ಬಿದ್ರೇನೇ ಬಣ್ಣ ಏಳೋದು." ಏಳಕ್ಕೆ ಯಂತ್ರ ತಿರುಗಿತೆಂದರೆ ಎಲ್ಲವೂ ಜಲ್ಲಿ.

ಐವತ್ತೆಂಟರ ಈ ಕೂಲಿ ಹೆಣ್ಣುಮಗಳಿಗೆ ಕಲ್ಲಿನ ಹುಚ್ಚು ಹಿಡಿದು ಹದಿನೇಳು ವರ್ಷ. ದಿನವೆಲ್ಲ ಕಲ್ಲು ಹೊತ್ತವರು ಸಂಜೆ ಇನ್ನೊಂದನ್ನು ಮನೆಗೂ ಹೊರುವುದೆಂದರೆ! ಮೇಸ್ತ್ರಿ ಬೈದು ಸೋತು, ದಿನಕ್ಕೆ ಒಂದೇ ಎಂದು ರಾಜಿಯಾಗಿದ್ದಾರೆ. ಕೋರಮಂಡಲ್‌ನ ಪುಟ್ಟ ಮನೆಯ ಮಂಚದ ಕೆಳಗೆ, ಅಟ್ಟದ ಮೇಲೆ, ಆರಿಸಿ ಉಳಿಸಿಕೊಂಡ 643 ಕಲ್ಲುಗಳಿವೆ. ಕಾಲು ಚಾಚಲು ಜಾಗವಿಲ್ಲವೆಂದು ಗಂಡ ಪೆರುಮಾಳ್ ಗೊಣಗುತ್ತಾರೆ. "ಬಂಗಾರ ಸಿಕ್ತೇನಕ್ಕಾ?" ಎಂದು ಕೆಣಕುವವರಿಗೂ ಬರವಿಲ್ಲ. ಚಿನ್ನದ ಗಣಿ ಮುಚ್ಚಿ ಇಷ್ಟು ವರ್ಷವಾದರೂ ಈ ಊರಿಗೆ ಗೊತ್ತಿರುವುದು ಅದೊಂದೇ ಪ್ರಶ್ನೆ. "ಬಂಗಾರ ಇದ್ರೇನೇ ಕಲ್ಲಿಗೆ ಮರ್ಯಾದೆನಾ?" ಎಂದು ಕದಿರಮ್ಮ ತಿರುಗಿ ಕೇಳುತ್ತಾರೆ.

ಶಾಲೆಯ ಮೆಟ್ಟಿಲು ಹತ್ತದವರು ನಲವತ್ತೈದರಲ್ಲಿ ಸೊಸೆ ಕಲಾ ಹತ್ತಿರ ಅಕ್ಷರ ಕಲಿತದ್ದೂ ಕಲ್ಲಿಗಾಗಿಯೇ. ಯಾವ ಕಲ್ಲು, ಎಲ್ಲಿ ಸಿಕ್ಕಿತು, ಯಾವ ದಿನ ಎಂದು ಚೀಟಿ ಬರೆದು ಅಂಟಿಸುತ್ತಾರೆ. ಬರೆಯುವುದು ಆಡುವಂತೆಯೇ: 'ಅಳದಿ ಕಲ್ಲು', 'ಅಸಿರು ಗೆರೆ ಕಲ್ಲು'.

ಕಳೆದ ವರ್ಷ ಕಾಲೇಜೊಂದರ ಮೇಷ್ಟ್ರು ಮನೆಗೆ ಬಂದು ಬೆರಗಾಗಿ, ಪ್ರದರ್ಶನಕ್ಕೆಂದು ಆ ಹಸಿರು ಗೆರೆಯ ಕಲ್ಲನ್ನು ಒಯ್ದರು. ಕದಿರಮ್ಮ ಕೆಲಸಕ್ಕೆ ರಜೆ ಹಾಕಿ, ಪೆಟ್ಟಿಗೆಯ ಸೀರೆ ಉಟ್ಟು ನೋಡಲು ಹೋದರು. ಗಾಜಿನ ಹಿಂದೆ ಕಲ್ಲಿತ್ತು, ಅವರ ಚೀಟಿ ಇರಲಿಲ್ಲ. ಅಚ್ಚು ಹಾಕಿಸಿದ ಹೊಸ ಚೀಟಿಯಲ್ಲಿ 'ಹಸಿರು ಗೆರೆಯ ಶಿಲೆ. ಸಂಗ್ರಹ: ಸ್ಥಳೀಯ ಮಹಿಳೆ' ಎಂದಿತ್ತು. ಅಕ್ಷರ ಕೂಡಿಸಿ ಕೂಡಿಸಿ ಎರಡು ಸಲ ಓದಿದರಂತೆ.

"ತಪ್ಪು ಬರ್ದಿದ್ರಿ, ತಿದ್ದಿದೀವಿ ಅಂದ್ರು. ಆ ಒಂದಕ್ಷರ ತಿದ್ದೋಕೆ ಜಾಗ ಇತ್ತು, ನನ್ನೆಸ್ರು ಆಕೋಕೆ ಇರ್ಲಿಲ್ವಾ ಸಾ ಅಂದೆ."

ಮುಂದಿನ ವರ್ಷ ನೋಡೋಣ ಎಂಬ ಉತ್ತರ ಬಂತು. ಕದಿರಮ್ಮ ಅಲ್ಲೇ ಗಾಜು ತೆಗೆಸಿ, ಎಂಟು ಕೆಜಿ ಕಲ್ಲನ್ನು ಸೊಂಟಕ್ಕೇರಿಸಿಕೊಂಡು ಬಸ್ ಹತ್ತಿದರು. ಇದನ್ನು ಕೇಳಿ ನನಗಂತೂ ಎದ್ದು ಕೈಮುಗಿಯುವಂತಾಯಿತು. ಓದಿದ ನಾವೆಷ್ಟು ಜನ ನಮ್ಮ ಹೆಸರು ತಿಂದವರ ಎದುರು ಹೀಗೆ ನಿಂತಿದ್ದೇವೆ?

ಈಗ ಅದೇ ಕಾಲೇಜು ಕಲ್ಲಿಗಾಗಿ ಮತ್ತೆ ಹೇಳಿ ಕಳಿಸಿದೆ. ಹೆಸರು ಅಚ್ಚಾದ ಚೀಟಿಯನ್ನು ಕಣ್ಣಾರೆ ಓದುವ ತನಕ ಕೊಡುವುದಿಲ್ಲ ಎಂದು ಕದಿರಮ್ಮ ಪಟ್ಟು ಹಿಡಿದಿದ್ದಾರೆ.

"ಕಲ್ಲಿನ ಎಸ್ರು ಅವ್ರಿಗೆ ಬೇಕಾದಂಗೆ ತಿದ್ಕಳ್ಲಿ, ನಾನು ಓದ್ದೋಳಲ್ಲ, ಒಪ್ಕತೀನಿ. ಕದಿರಮ್ಮ ಅಂತ ಬರ್ಯೋಕೆ ನಂಗೆ ಬತ್ತೈತೆ. ಅದ್ರಾಗೆ ತಿದ್ದೋಕೆ ಏನೂ ಇಲ್ಲ."