ಪವಾಯಿ ಗುಡ್ಡದ ಚಿಟ್ಟೆ

ನಾಲ್ಕನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು ನಾನು. ಆದರೂ ಕಾಲೇಜಿನ ಸಂಶೋಧನೆಯೊಂದಕ್ಕೆ ನನ್ನ ಭಾಷಣ ಸಂದಿದೆ. ಐವತ್ತರ ದಶಕದ ಮಾತು. ಅಂಧೇರಿ ಸ್ಟೇಶನ್ನಿನ ಹತ್ತಿರದ ಉಡುಪಿ ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಶುರುಮಾಡಿ, ಆ ಹೊತ್ತಿಗೆ ಹಣದ ಗಲ್ಲೆಯ ಮೇಲೆ ಕೂರುವ ತನಕ ಬಂದಿದ್ದೆ. ಯಾರ ಶಿಫಾರಸೂ ಇರಲಿಲ್ಲ.

ಪ್ರಾಣಿಶಾಸ್ತ್ರ ಓದುವ ಮೂವರು ಹುಡುಗರು ಭಾನುವಾರ ನಮ್ಮಲ್ಲಿ ಇಡ್ಲಿ ತಿಂದು ಪವಾಯಿ ಕೆರೆಯ ಆಚೆಯ ಗುಡ್ಡಕ್ಕೆ ಹೋಗುತ್ತಿದ್ದರು. ಅಲ್ಲಿಯ ಚಿರತೆ ಏನು ತಿಂದು ಬದುಕುತ್ತದೆ ಎಂಬುದು ಅವರ ಪ್ರೊಫೆಸರರ ಸಂಶೋಧನೆ. ಹುಡುಗರ ಪಾಲಿಗೆ ಅದರರ್ಥ, ಚಿರತೆಯ ಹಿಕ್ಕೆ ಹೆಕ್ಕಿ ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿ ತರುವುದು. ವಾಪಸು ಬರುವಾಗ ಡಬ್ಬಿಯೊಂದಿಗೇ ಚಹಾಕ್ಕೆ ಕೂರುತ್ತಿದ್ದರು.

"ಅಪ್ಪ ಅಮ್ಮ ಕಾಲೇಜಿಗೆ ಕಳಿಸಿದ್ದು ಇದನ್ನು ಹೆಕ್ಕಲಿಕ್ಕಾ?" ಎಂದು ನಮ್ಮ ಧಣಿ ಗೊಣಗುತ್ತಿದ್ದರು. "ಡಬ್ಬಿ ಹೊರಗೆ ಇಡ್ಲಿಕ್ಕೆ ಹೇಳು ಮಾರಾಯ, ಗಿರಾಕಿ ಓಡಿ ಹೋಗ್ತಾರೆ."

ಒಂದು ದಿನ ಮೂವರೂ ಮುಖ ಇಳಿಸಿಕೊಂಡು ಬಂದರು. ಗುಡ್ಡದ ಬುಡದಲ್ಲಿ ಕಲ್ಲು ಒಡೆಯುವವರ ಗುಡಿಸಲುಗಳಿದ್ದವು. ಅಲ್ಲಿಯ ಅಜ್ಜಿಯೊಬ್ಬಳ ಆಡನ್ನು ಚಿರತೆ ಹೊತ್ತೊಯ್ದಿತ್ತು. ಅಜ್ಜಿ ಇಲಿಪಾಷಾಣ ತಂದಿದ್ದಾಳೆ, ಮಾಂಸಕ್ಕೆ ಸವರಿ ಇಡುತ್ತಾಳೆ ಎಂಬ ಸುದ್ದಿ. ಇಟ್ಟರೆ ಚಿರತೆಯ ಕಥೆ ಮುಗಿಯಿತು, ಇವರ ಕೆಲಸವೂ ಮುಗಿಯಿತು. ಸಭೆ ಮಾಡಿ ತಿಳಿಹೇಳೋಣ ಎಂದರೆ, ಅಲ್ಲಿದ್ದವರೆಲ್ಲ ವಿಜಾಪುರದ ಕಡೆಯವರು, ಈ ಹುಡುಗರಿಗೆ ಕನ್ನಡ ಬಾರದು.

"ಅಣ್ಣಾ, ಆಪ್ ಬೋಲೋ ನಾ," ಎಂದು ಮೂವರಲ್ಲಿ ಎತ್ತರದ ಹುಡುಗ ಮಾತಾಡುವ ಕೆಲಸ ನನಗೇ ಹಚ್ಚಿದ.

ನಾನು ಇಸ್ತ್ರಿ ಮಾಡಿದ ಪಂಚೆ ಉಟ್ಟು ಹೋದೆ. ಹುಡುಗರ ಬಳಿ ಚಿರತೆಯ ದೊಡ್ಡ ಚಿತ್ರವೊಂದಿತ್ತು. ಮೊದಲು ಜನ ಮಾತು ಕೇಳಲಿ, ಚಿತ್ರ ಕೊನೆಗೆ ಬಿಚ್ಚಿ ಎಂದು ನಾನೇ ತಾಕೀತು ಮಾಡಿದೆ.

ನಮ್ಮ ಊರ ಕಡೆ ಚಿರತೆಗೆ ಚಿಟ್ಟೆ ಹುಲಿ ಎನ್ನುತ್ತಾರೆ. ಬಾಯಿಗೆ ಸಲೀಸಾಗಿ ಬರೀ ಚಿಟ್ಟೆ. ನಾನೂ ಹಾಗೇ ಹೇಳಿದೆ. "ಚಿಟ್ಟೆಯೂ ದೇವರ ಸೃಷ್ಟಿ. ಈ ಗುಡ್ಡ ಅದರ ಮನೆ. ದಯವಿಟ್ಟು ಚಿಟ್ಟೆಗೆ ವಿಷ ಹಾಕಬೇಡಿ!"

ಜನ ಮುಖ ಮುಖ ನೋಡಿಕೊಂಡರು. ಕೂಲಿಗಳ ಮೇಲಿನ ಮುಕಾದಮ ಏಳನೇ ಕ್ಲಾಸಿನ ಮುಲ್ಕಿ ಪರೀಕ್ಷೆ ಪಾಸಾದವನು, ಎದ್ದುನಿಂತು ಅರ್ಥ ಹೇಳಿದ. "ಚಿಟ್ಟಿ ಅಂದ್ರ ಪಾತರಗಿತ್ತಿ. ಪುಸ್ತಕದಾಗ ಹಂಗs ಐತಿ."

"ಪಾತರಗಿತ್ತಿಗೆ ವಿಷ ಹಾಕಾಕ ನಮಗೇನ್ ಹುಚ್ಚ ಹಿಡದೈತೇನ್ರಿ?" ಎಂದು ಯಾರೋ ನಕ್ಕರು. ಕೊಲ್ಲುವುದಿಲ್ಲ ಎನ್ನುವವರು ಕೈ ಎತ್ತಿ ಎಂದೆ. ಎಲ್ಲರೂ ಎತ್ತಿದರು, ಅಜ್ಜಿ ಎರಡೂ ಕೈ ಎತ್ತಿದಳು. ಹುಡುಗರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆ ಸಂಭ್ರಮದಲ್ಲಿ ಚಿತ್ರ ಬಿಚ್ಚಿದರು.

ಕೈಗಳೆಲ್ಲ ಒಂದೇ ಸಲ ಇಳಿದವು.

"ಇದs! ಇದs ನನ್ನ ಆಡು ತಿಂದಿದ್ದು!" ಅಜ್ಜಿ ಚೀರಿದಳು. "ಇದಕ್ಕ ಪಾತರಗಿತ್ತಿ ಅಂತಿಯೇನೋ, ನಿನ್ನ ಬಾಯಾಗ ಮಣ್ಣ ಬೀಳ್ಲಿ!"

"ಅಮ್ಮಾ ಕ್ಯಾ ಬೋಲೀ?" ಎತ್ತರದ ಹುಡುಗ ಕೇಳಿದ. ಅಮ್ಮನಿಗೆ ಸ್ವಲ್ಪ ಸಂಶಯವಿದೆ ಎಂದೆ.

ನನ್ನ ಕನ್ನಡದಲ್ಲಿ ತಪ್ಪೇನಿರಲಿಲ್ಲ, ಕೇಳುವವರ ಕನ್ನಡ ಬೇರೆಯಾಗಿತ್ತು ಅಷ್ಟೇ. ಈಗ ಅವರಿಗೆ ತಿಳಿಯುವಂತೆ ಬಿಡಿಸಿ ಹೇಳಿದೆ. ಇದಕ್ಕೆ ಹಂದಿ, ಬೀದಿನಾಯಿಯೇ ಊಟ. ಕತ್ತಲಾದ ಮೇಲೆ ಆಡನ್ನು ಒಳಗೆ ಕಟ್ಟಿದರೆ ಇದು ತನ್ನ ಪಾಡಿಗೆ ಹೋಗುತ್ತದೆ ಅಜ್ಜೀ.

"ಒಳಗ ಅಂದ್ರ ಎಲ್ಲಿ ತಮ್ಮಾ? ನನ್ನ ಗುಡಿಸಲದಾಗ ನಾ ಮಲಗಿದ್ರs ಕಾಲು ಹೊರಗ ಬರ್ತಾವ. ಆಡು ಎದಿ ಮ್ಯಾಲ ಕಟ್ಟಿಕೊಳ್ಳಲೇನು?"

ಅಂದು ನಾನು ಒಂದಕ್ಷರ ಬಿಡದೆ ಹಿಂದಿಗೆ ತಿರುಗಿಸಿದ ಮಾತು ಇದೊಂದೇ. ಎತ್ತರದ ಹುಡುಗ ಅಂಗಿ ಬಿಚ್ಚಿ ಚಿತ್ರದ ಮೇಲಿಟ್ಟ. ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ ಮುಕಾದಮನ ಹತ್ತಿರ ಹಳೆಯ ತಗಡು, ಹಲಗೆ, ಮೊಳೆ ಕೇಳಿದ. ಹಿಕ್ಕೆ ಹೆಕ್ಕಿದ ಕೈಗಳಿಗೆ ಸುತ್ತಿಗೆಯ ಪರಿಚಯವಿರಲಿಲ್ಲ. ಪೆಟ್ಟು ಮೊಳೆಗಿಂತ ಹೆಚ್ಚು ಬೆರಳಿಗೇ ಬಿತ್ತು. ನಾನು ಪಂಚೆ ಮಣ್ಣಾಗದಂತೆ ಎತ್ತಿ ಹಿಡಿದು, ಎಲ್ಲಿ ಹೊಡೆಯಬೇಕೆಂದು ತೋರಿಸುತ್ತಿದ್ದೆ.

"ಅಣ್ಣಾರ, ಭಾಷಣ ಮುಗದಿದ್ರ ಈ ಹಲಗಿ ಹಿಡೀರಿ," ಎಂದ ಮುಕಾದಮ. ಹಿಡಿದೆ.

ಹೊತ್ತು ಇಳಿಯುವಷ್ಟರಲ್ಲಿ ಆಡಿನ ದೊಡ್ಡಿ ಎದ್ದಿತು. ಅಜ್ಜಿ ಉಳಿದ ಆಡುಗಳನ್ನು ಒಳಗೆ ಅಟ್ಟಿ, ಅಗುಳಿ ಹಾಕಿ, ಬಾಗಿಲಿಗೆ ಬಲವಾಗಿ ಒದ್ದು ನೋಡಿದಳು. ಅಲ್ಲಾಡಲಿಲ್ಲ. ಆಮೇಲೆ ಸೊಂಟದ ಚೀಲದಿಂದ ಪಾಷಾಣದ ಪುಡಿಕೆ ತೆಗೆದಳು. ನಾನು ಕೈ ಚಾಚಿದೆ. ಅವಳು ನನ್ನನ್ನು ದಾಟಿ ಹೋಗಿ ಎತ್ತರದ ಹುಡುಗನ ಅಂಗೈಯಲ್ಲಿಟ್ಟಳು.

"ಮಾತಾಡಿದವಗಲ್ಲ, ಮೊಳಿ ಹೊಡದವಗ," ಎಂದಳು.

ಹುಡುಗ ನನ್ನ ಮುಖ ನೋಡಿದ. "ಕ್ಯಾ ಬೋಲೀ, ಅಣ್ಣಾ?"

ನಮ್ಮೆಲ್ಲರಿಗೂ ಧನ್ಯವಾದ ಹೇಳುತ್ತಿದ್ದಾಳೆ ಎಂದೆ.